ಬೇವಿನ ಗಿಡ ಇಲ್ಲದ ಊರು

ಇದನ್ನು ನಾನು ಎರಡನೆಯ ಸಲ ಬರೆಯುತ್ತಿದ್ದೇನೆ. ಮೊದಲ ಸಲ ಬರೆದದ್ದನ್ನು ಸಾಹೇಬರ ಸ್ಮರಣ ಸಂಚಿಕೆಯ ಸಮಿತಿಯವರು ಕೆಂಪು ಗೆರೆ ಎಳೆದು ವಾಪಸು ತಂದುಕೊಟ್ಟರು. ಆರು ಪುಟದಲ್ಲಿ ಒಂದೂವರೆ ಪುಟ ಕೆಂಪು. ಸಂಪಾದಕರು ನಿವೃತ್ತ ಪ್ರಾಧ್ಯಾಪಕರು, ಶಿಸ್ತಿನ ಮನುಷ್ಯ. ಸ್ಕೇಲು ಇಟ್ಟು ಗೆರೆ ಎಳೆದಿದ್ದರು. ಬದಿಗೆ ಸಣ್ಣ ಅಕ್ಷರದಲ್ಲಿ, ‘ಈ ಪ್ರಸಂಗವನ್ನು ಕೈಬಿಡಬಹುದು’ ಎಂದು ಬರೆದಿದ್ದರು.

ಅಥಣಿ ರಸ್ತೆಯ ನನ್ನ ಮನೆಗೆ ಅವರೇ ಬಂದಿದ್ದರು. ಚಹಾ ಕುಡಿದರು, ನನ್ನ ಮೊಣಕಾಲು ನೋವು ವಿಚಾರಿಸಿದರು, ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು.

“ಅಷ್ಟು ಸಲ ಆರಿಸಿ ಬಂದವರು, ದಿಲ್ಲಿಯೊಳಗ ಮಂತ್ರಿ ಆದವರು. ಬರೀಲಿಕ್ಕೆ ಒಳ್ಳೇದು ಬೇಕಾದಷ್ಟು ಐತಿ. ಆ ಫೋನಿನ ಗದ್ದಲ ಒಂದು ಬಿಟ್ಟ ಬಿಡ್ರಿ. ಸತ್ತವರ ಪುಸ್ತಕದಾಗ ಸುಳ್ಳಿನ ಮಾತು ಯಾಕ?”

“ಸುಳ್ಳು ಹೇಳಿದವರು ಅವರಲ್ರಿ. ಅದನ್ನಾ ಬರದೀನಿ ನಾ.”

“ಅದಾ ಬ್ಯಾಡ ಅನ್ನೂದು. ಈ ವಯಸ್ಸಿನ್ಯಾಗ ನಿಮ್ಮ ಹೆಸರು ಯಾಕ ಕೆಡಿಸ್ಕೋತೀರಿ? ಯಾರಿಗೂ ಗೊತ್ತಿಲ್ಲ. ಮಂದಿ ಮರತಾರ.”

ಮಂದಿ ಮರೆತಿಲ್ಲ ಸ್ವಾಮಿ. ಅದೇ ನನ್ನ ಸಂಕಟ. ವಿಜಯಪುರದ ಯಾವ ಕಟ್ಟೆಯ ಮೇಲೆ ಬೇಕಾದರೂ ಕುಳಿತು ಸಾಹೇಬರ ಹೆಸರು ಎತ್ತಿ ನೋಡಿ. “ಭಾರಿ ಮನುಷ್ಯ ಬಿಡ್ರಿ” ಅನ್ನುತ್ತಾರೆ. ಎರಡು ನಿಮಿಷ ಬಿಟ್ಟು, “ಖರೆ, ಸಂಸತ್ತಿನೊಳಗ ಒಂದು ಸುಳ್ಳು ಹೇಳಿ ಸಿಕ್ಕೊಂಡ್ರು ನೋಡ್ರಿ” ಎಂದು ನಗುತ್ತಾರೆ. ಆ ಸುಳ್ಳು ನನ್ನದು. ಅವರ ಆಪ್ತ ಸಹಾಯಕನಾಗಿದ್ದ ನಾನು ಅವರಿಗೆ ಹೇಳಿದೆ, ಅವರು ನನ್ನನ್ನು ನಂಬಿ ಸದನಕ್ಕೆ ಹೇಳಿದರು. ಇಪ್ಪತ್ತು ವರ್ಷ ನಾನು ಬಾಯಿ ಮುಚ್ಚಿಕೊಂಡು ಕುಳಿತೆ. ಅವರು ಹೋಗಿ ಮೂರು ತಿಂಗಳಾಯಿತು. ಈಗಲೂ ಬಾಯಿ ಬಿಡದಿದ್ದರೆ ಆ ನಗೆ ಹಾಗೇ ಉಳಿಯುತ್ತದೆ. ಹಾಗಾಗಿ ಸಮಿತಿಯವರ ಗೆರೆ ಅವರ ಹತ್ತಿರವೇ ಇರಲಿ. ನಾನು ಬರೆಯುವವನೇ.

ಮೊದಲು ಮನುಷ್ಯ ಹೇಗಿದ್ದರು ಹೇಳುತ್ತೇನೆ. ಕುಳ್ಳು ಆಳು, ಅಗಲ ಭುಜ, ನಡೆದರೆ ನೆಲ ತುಳಿದು ಪರೀಕ್ಷೆ ಮಾಡುತ್ತಿದ್ದಾರೆ ಅನ್ನಿಸುವ ನಡಿಗೆ. ಬಬಲೇಶ್ವರದ ಕಡೆ ಒಕ್ಕಲುತನದ ಮನೆಯವರು. ಎತ್ತು ಹೊಡೆದು, ಪಂಚಾಯತಿ ಹೊಡೆದಾಟ ಹೊಡೆದು, ಮೆಟ್ಟಿಲು ಮೆಟ್ಟಿಲಾಗಿ ದಿಲ್ಲಿಗೆ ಹೋದರು. ಎಡಗಿವಿ ಸ್ವಲ್ಪ ಮಂದ. ಅರ್ಜಿ ಹಿಡಿದು ಬಂದವರು ಯಾವಾಗಲೂ ಬಲಕ್ಕೆ ಕೂಡಬೇಕು, ಪಕ್ಷದ ಹಿರಿಯರು ಯಾವಾಗಲೂ ಎಡಕ್ಕೆ. ಇದು ತಾನಾಗಿ ಆದದ್ದೋ ಅವರೇ ಮಾಡಿಕೊಂಡದ್ದೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಮನೆಯ ಪಡಸಾಲೆಯಲ್ಲಿ ಒಂದು ಉದ್ದನೆಯ ಕಟ್ಟಿಗೆಯ ಬಾಕು ಇತ್ತು. ಮಂತ್ರಿಯಾದ ಮೇಲೂ ಅದರ ಮೇಲೆಯೇ ಮಂದಿಯ ನಡುವೆ ಕೂಡುತ್ತಿದ್ದರು. ಕುರ್ಚಿ ತರಿಸಿದರೆ ಸಿಟ್ಟು. ಇದನ್ನು ಬಹಳ ದೊಡ್ಡ ಗುಣ ಎಂದು ಭಾಷಣಗಾರರು ಹೊಗಳುತ್ತಾರೆ. ನಿಜ ಸಂಗತಿ ಏನೆಂದರೆ ಅವರಿಗೆ ಬೆನ್ನು ನೋವಿತ್ತು, ಮೆತ್ತನೆಯ ಕುರ್ಚಿ ಆಗುತ್ತಿರಲಿಲ್ಲ. ನನಗೆ ಸುಳ್ಳು ಹೊಗಳಿಕೆ ಬೇಕಿಲ್ಲ. ಹೊಗಳಲು ಖರೆಯದೇ ಬೇಕಾದಷ್ಟಿದೆ.

ದಿಲ್ಲಿಯಲ್ಲಿ ಅವರು ಆಡುತ್ತಿದ್ದ ಹಿಂದಿ ನಮ್ಮ ವಿಜಯಪುರದ ಬಜಾರಿನದು. ಹಣ್ಣು ಮಾರುವವರ ಹತ್ತಿರ, ಕುರಿ ವ್ಯಾಪಾರದವರ ಹತ್ತಿರ ಕಲಿತದ್ದು. ಯಾಕೆ ಅನ್ನಲು ‘ಕಾಯ್ಕು’, ಬೇಡ ಅನ್ನಲು ‘ನಕ್ಕೋ’ ಎಲ್ಲ ಇರುತ್ತಿತ್ತು. ಅವರು ಮಂತ್ರಿಯಾದ ಮೊದಲ ವಾರ ಇಲಾಖೆಯ ದೊಡ್ಡ ಅಧಿಕಾರಿಯೊಬ್ಬ ಸಭೆಯಲ್ಲಿ ತುಟಿ ಒಳಗೆ ಎಳೆದುಕೊಂಡು ನಕ್ಕ. ಸಾಹೇಬರು ಮಾತು ನಿಲ್ಲಿಸಿ, ಅದೇ ಹಿಂದಿಯಲ್ಲಿ ಅವನನ್ನು ಕೇಳಿದರು. ಹೊರಗೆ ಬಂದ ಮೇಲೆ ನನಗೆ ಕನ್ನಡದಲ್ಲಿ ಮತ್ತೊಮ್ಮೆ ಹೇಳಿ ಖುಷಿಪಟ್ಟರು. “ಅಂವಾ ಆಡೂದು ನನಗ ತಿಳೀತೈತಿ, ನಾ ಆಡೂದು ಅವಗ ತಿಳೀವಲ್ದು. ಹಂಗಾದ್ರ ಇಬ್ಬರೊಳಗ ಕಲಿಯೂದು ಯಾರದು ಉಳದೈತಿ, ನೀವಾ ಹೇಳ್ರಿ ಅಂದೆ.” ಆ ಅಧಿಕಾರಿ ಆಮೇಲೆ ಯಾವ ಸಭೆಯಲ್ಲೂ ನಗಲಿಲ್ಲ.

ಬಬಲೇಶ್ವರದ ಆಚೆಯ ಒಂದು ಊರಲ್ಲಿ ಹೊಸ ಬಸ್ ತಂಗುದಾಣದ ಉದ್ಘಾಟನೆ. ಬ್ಯಾಂಡು, ರಿಬ್ಬನ್ನು, ಕತ್ತರಿ ಎಲ್ಲ ತಯಾರು. ಸಾಹೇಬರು ಒಳಗೆ ಹೋಗಿ ಗೋಡೆಗೆ ಬೆರಳ ಗಂಟಿನಿಂದ ಕುಟ್ಟಿದರು. ಗಿಲಾವು ಉದುರಿ ಅವರ ಅಂಗಿಯ ಮೇಲೆ ಬಿತ್ತು. ಕಟ್ಟಿಸಿದ ಗುತ್ತಿಗೆದಾರ ಹಲ್ಲು ಗಿಂಜುತ್ತ ಅಂಗಿ ಝಾಡಿಸಲು ಬಂದ. “ಬಾ ತಮ್ಮಾ, ಕುಂದ್ರು” ಎಂದರು. ಅವನು ಕುಳಿತ. “ಇಲ್ಲೇ ಇರು. ಸಂಜಿ ಬಸ್ಸು ಬರೂತನಕ ಏಳಬ್ಯಾಡ. ಛಾವಣಿ ಬೀಳಲಿಲ್ಲಂದ್ರ ನಾ ಬಂದು ರಿಬ್ಬನ್ ಕತ್ತರಿಸ್ತೀನಿ.” ಬೇಸಗೆಯ ನಡುಹೊತ್ತು. ಅವನು ಒಂದು ತಾಸು ಛಾವಣಿ ನೋಡುತ್ತ ಕುಳಿತು, ಎದ್ದು ಬಂದು, ಕೆಡವಿ ಮತ್ತೆ ಕಟ್ಟಿಸುತ್ತೇನೆ ಎಂದು ಕೈ ಮುಗಿದ. ಊರ ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ನನ್ನ ಕಣ್ಣಿಗೆ ಕಟ್ಟಿದೆ.

ದೋಷಗಳಿರಲಿಲ್ಲ ಅಂದುಕೊಳ್ಳಬೇಡಿ. ಭಯಂಕರ ಹಟಮಾರಿ. ಸದನದಲ್ಲಿ ಬಜೆಟ್ ಭಾಷಣದ ಹೊತ್ತು ಗೊರಕೆ ಹೊಡೆದದ್ದುಂಟು. ಮನೆಯಲ್ಲಿ ತಪ್ಪಾಯಿತು ಅನ್ನುವ ಮಾತು ಅವರ ಬಾಯಿಂದ ಬಂದದ್ದನ್ನು ಯಾರೂ ಕೇಳಿಲ್ಲ. ಅವರ ಹೆಂಡತಿಯನ್ನು ನಾವೆಲ್ಲ ಅವ್ವಾರು ಅನ್ನುತ್ತಿದ್ದೆವು. ಒಮ್ಮೆ ಅವರು ನನ್ನೆದುರೇ ಸಾಹೇಬರಿಗೆ, “ಊರ ಮಂದಿ ತಪ್ಪೆಲ್ಲಾ ಹುಡಕ್ತೀರಿ, ನಿಮ್ಮದೊಂದು ನಿಮಗ ಸಿಗೂದಿಲ್ಲ ನೋಡ್ರಿ” ಎಂದಿದ್ದರು. ಸಾಹೇಬರು ಎಡಗಿವಿಯನ್ನು ಅವ್ವಾರ ಕಡೆಗೆ ತಿರುಗಿಸಿಕೊಂಡು ಚುರಮರಿ ತಿನ್ನುತ್ತ ಕುಳಿತರು.

ಇನ್ನು ಅವರ ಕೆಲಸದ ಪದ್ಧತಿ. ಅದು ತಿಳಿಯದೆ ಮುಂದಿನದು ತಿಳಿಯುವುದಿಲ್ಲ.

ಅವರಿಗೆ ಕಾಗದದ ಮೇಲೆ ನಂಬಿಕೆ ಇರಲಿಲ್ಲ. ಕಾಮಗಾರಿ ಪೂರ್ಣಗೊಂಡಿದೆ ಎಂದು ವರದಿ ಬಂದರೆ, “ಯಾರು ಮುಟ್ಟಿ ನೋಡ್ಯಾರ?” ಎಂದು ಕೇಳುತ್ತಿದ್ದರು. ಸಾಲಿ ಕಟ್ಟಿದ್ದಾರೆ ಅಂದರೆ ನಾನು ಹೋಗಿ ಗೋಡೆ ಮುಟ್ಟಬೇಕು. ದೂರವಾಣಿ ಖಾತೆಯ ಮಂತ್ರಿ ಆದ ಮೇಲೆ ಹಳ್ಳಿಹಳ್ಳಿಗೂ ಸಾರ್ವಜನಿಕ ಫೋನು ಹಾಕುವ ಕೆಲಸ ನಡೆದಿತ್ತು. ಮೊಬೈಲು ಆಗ ನಮ್ಮ ಹಳ್ಳಿಗಳಿಗೆ ಬಂದಿರಲಿಲ್ಲ. ಇಲಾಖೆಯ ಪಟ್ಟಿಯಿಂದ ಅವರು ಕಣ್ಣು ಮುಚ್ಚಿ ಎರಡು ಮೂರು ಊರು ಆರಿಸುತ್ತಿದ್ದರು. ನಾನು ಆ ಊರಿಗೆ ಹೋಗಿ, ಅದೇ ಫೋನಿನಿಂದ ದಿಲ್ಲಿಯಲ್ಲಿದ್ದ ಅವರಿಗೆ ಕರೆ ಮಾಡಬೇಕು. ಮಾಡಿದ ಕೂಡಲೆ ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ.

“ಎದುರಿಗೆ ಏನು ಕಾಣತೈತಿ?”

ನಾನು ಕಂಡದ್ದು ಹೇಳಬೇಕು. ಹಿಟ್ಟಿನ ಗಿರಣಿ ಐತ್ರಿ, ಇಬ್ಬರು ಮುದುಕರು ಕುಂತಾರ್ರಿ, ಒಂದು ಎಮ್ಮಿ ನಿಂತೈತ್ರಿ. ಆಗ ಅವರಿಗೆ ಸಮಾಧಾನ. “ಎಮ್ಮಿ ಕಂಡೈತಿ ಅಂದ್ರ ನೀ ಊರಾಗ ಅದಿ” ಅನ್ನುತ್ತಿದ್ದರು.

ಆ ಸಲ ಸದನದಲ್ಲಿ ನಮ್ಮ ಜಿಲ್ಲೆಯ ಫೋನುಗಳ ಬಗ್ಗೆಯೇ ಪ್ರಶ್ನೆ ಬಂದಿತ್ತು. ಮರುದಿನ ಉತ್ತರ ಕೊಡಬೇಕು. ಸಾಹೇಬರು ಮೂರು ಊರು ಹೇಳಿದರು: ಜೈನಾಪುರ, ಅರಕೇರಿ, ಮತ್ತೆ ತಿಕೋಟಾದಿಂದ ಆಚೆ ಒಂದು ಸಣ್ಣ ಊರು. ಅದರ ಹೆಸರು ಬೇಡ, ಪಾಪ, ಆ ಊರಿನದೇನೂ ತಪ್ಪಿಲ್ಲ.

ಬೆಳಿಗ್ಗೆ ಜೈನಾಪುರಕ್ಕೆ ಹೋದೆ, ಮಾತಾಡಿದೆ. ನಡುಹೊತ್ತಿಗೆ ಅರಕೇರಿಗೆ ಬಂದೆ, ಮಾತಾಡಿದೆ. ಅರಕೇರಿ ನನ್ನ ಊರು. ಅವತ್ತು ನಮ್ಮಕ್ಕನ ಮಗಳ ನಿಶ್ಚಯ. ನಾನು ಸೋದರಮಾವ. ಬೀಗರು ಬಂದು ಕುಳಿತಿದ್ದಾರೆ, ಹೋಳಿಗೆ ವಾಸನೆ ಓಣಿ ತುಂಬ ಹರಡಿದೆ. ನಮ್ಮಕ್ಕ ಬಾಗಿಲಲ್ಲಿ ನಿಂತು, “ಯಪ್ಪಾ, ಮಂತ್ರಿ ಕೆಲಸ ಅಂತ ಈಗ ಹೋದಿ ಅಂದ್ರ ನನ್ನ ಮುಖ ಎಲ್ಲಿಡ್ಲಿ” ಎಂದಳು. ತಿಕೋಟಾದ ಆಚೆಗೆ ಹೋಗಬೇಕೆಂದರೆ ವಿಜಯಪುರಕ್ಕೆ ಬಂದು ಬಸ್ಸು ಬದಲಿಸಬೇಕು, ತಿಕೋಟಾದಲ್ಲಿ ಇಳಿದು ಸಿಕ್ಕ ಟೆಂಪೋ ಹತ್ತಬೇಕು. ಊಟ ತಪ್ಪುವುದು ಖಾತ್ರಿ.

ನಾನೊಂದು ಉಪಾಯ ಮಾಡಿದೆ. ತಿಕೋಟಾದ ಕಡೆ ಲೈನಿನ ಕೆಲಸ ಮಾಡುತ್ತಿದ್ದವನೊಬ್ಬ ಪರಿಚಯದವನು. ಅರಕೇರಿಯ ಫೋನಿನಿಂದ ಅವನನ್ನೇ ಕೇಳಿದೆ. “ನಡೀತೈತ್ರೀ, ನಿನ್ನೆ ನಾನಾ ಮಾತಾಡೀನಿ” ಎಂದ. ಸಾಕಲ್ಲ! ಊಟಕ್ಕೆ ಕುಳಿತೆ, ಎರಡು ಹೋಳಿಗೆ ಹೆಚ್ಚೇ ಹಾಕಿಸಿಕೊಂಡೆ. ಆಮೇಲೆ ಅದೇ ಅರಕೇರಿಯ ಫೋನಿನಿಂದ ದಿಲ್ಲಿಗೆ ಮತ್ತೊಂದು ಕರೆ ಮಾಡಿದೆ.

“ಸಾಹೇಬ್ರ, ತಿಕೋಟಾದ ಆಚಿನ ಊರಿಂದ ಮಾತಾಡಾಕತ್ತೀನ್ರಿ.”

“ಎದುರಿಗೆ ಏನು ಕಾಣತೈತಿ?”

“ಬೇವಿನ ಗಿಡ ಐತ್ರಿ. ದೊಡ್ಡದು. ಕೆಳಗ ಮಂದಿ ಕುಂತಾರ್ರಿ.”

ಬೇವಿನ ಗಿಡ ಇಲ್ಲದ ಊರು ನಮ್ಮ ಕಡೆ ಎಲ್ಲಿದೆ ಎಂದು ನನ್ನ ಲೆಕ್ಕ. “ಛಲೋ ಆತು ತಮ್ಮಾ, ಊಟ ಮಾಡು ಹೋಗು” ಎಂದರು ಸಾಹೇಬರು. ಊಟ ಮಾಡಿದ ಕೈ ಇನ್ನೂ ಒದ್ದೆ ಇತ್ತು.

ಮರುದಿನ ಸದನದಲ್ಲಿ ವಿರೋಧ ಪಕ್ಷದ ಸದಸ್ಯರೊಬ್ಬರು ಕೆಣಕಿದರು. ಪಟ್ಟಿ ಓದುತ್ತೀರಲ್ಲ ಮಂತ್ರಿಗಳೇ, ಒಂದಾದರೂ ಫೋನು ನಡೆಯುವುದನ್ನು ನೋಡಿದ್ದೀರಾ ಎಂದರು. ಸಾಹೇಬರು ಎದ್ದು, ಎದೆ ಮುಂದೆ ಮಾಡಿ, ಮೂರು ಊರಿನ ಹೆಸರು ಹೇಳಿ, ನಿನ್ನೆ ಆ ಮೂರೂ ಊರಿಂದ ನನ್ನ ಮನುಷ್ಯ ನನ್ನ ಹತ್ತಿರ ಮಾತಾಡಿದ್ದಾನೆ ಎಂದರು. ಮೇಜು ಕುಟ್ಟಿದರಂತೆ ಎಲ್ಲರೂ. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ನಾನು ಆ ಪತ್ರಿಕೆಯನ್ನು ಕತ್ತರಿಸಿ ಕಡತಕ್ಕೆ ಅಂಟಿಸಿದೆ.

ಮುಂದೆ ಐದಾರು ವಾರಕ್ಕೆ ಸಾಹೇಬರು ಊರಿಗೆ ಬಂದಿದ್ದರು. ಪಡಸಾಲೆಯಲ್ಲಿ ಎಂದಿನ ಗದ್ದಲ. ಒಬ್ಬ ಹೆಣ್ಣುಮಗಳು ಬಂದಳು, ಐವತ್ತರ ಮೇಲಿನ ವಯಸ್ಸು, ಕುರಿ ಕಾಯುವ ಮನೆಯವಳು. ಕಂಕುಳಲ್ಲಿ ಬಟ್ಟೆಯ ಗಂಟು. ಸರದಿಯಲ್ಲಿ ನಿಲ್ಲು ಅಂದರೆ ನಿಲ್ಲಲಿಲ್ಲ. ಸೀದಾ ಬಂದು ಬಾಕಿನ ಮೇಲೆ ಸಾಹೇಬರ ಬಲಕ್ಕೆ ಗಂಟು ಇಟ್ಟು ಬಿಚ್ಚಿದಳು. ಒಳಗೆ ಕಪ್ಪು ಫೋನು, ಕಿತ್ತ ವಾಯರು ಸಮೇತ.

“ಇದು ಸತ್ತೈತಿ. ಹುಟ್ಟಿದಾಗಿಂದಾ ಸತ್ತೈತಿ. ಮಣ್ಣು ಮಾಡೂದು ನಿಮ್ಮ ಕೆಲಸ, ಅದಕ್ಕ ತಂದೀನಿ.”

ಸಾಹೇಬರು ಫೋನು ಎತ್ತಿ, ಕಿತ್ತ ವಾಯರಿನ ತುದಿ ಮುಟ್ಟಿ ನೋಡಿದರು.

“ನನ್ನ ಗಂಡ, ಮಗ ಕುರಿ ಹೊಡ್ಕೊಂಡು ಅಡವಿಗೆ ಹೋಗಿದ್ರು. ಸೊಸಿಗೆ ಬ್ಯಾನಿ ಬಂತು. ಫೋನ್ ಐತಲ್ಲಾ ಅಂತ ಓಡಿದೆ. ತಿಕೋಟಾದಿಂದ ಜೀಪು ಕರಸೂನು ಅಂತ ತಿರುವಿದೆ, ತಿರುವಿದೆ, ಕಿವಿಗೆ ಹಚ್ಚಿದೆ. ಸಪ್ಪಳಾ ಇಲ್ಲ. ಬಂಡಿ ಕಟ್ಟೂದ್ರಾಗ ಹೊತ್ತು ಹೋತು. ಸೊಸಿ ಉಳದಾಳ. ಕೂಸು ಉಳೀಲಿಲ್ಲ, ಗಂಡು ಕೂಸು.” ಅವಳು ಗಂಟಿನ ಬಟ್ಟೆ ಝಾಡಿಸಿ ಹೆಗಲಿಗೆ ಹಾಕಿಕೊಂಡಳು. “ಸಾಲಿ ಮಾಸ್ತರ ಪೇಪರ್ ಓದಿ ಹೇಳಿದ. ನಿಮ್ಮ ಮನುಷ್ಯಾ ನಮ್ಮೂರ ಫೋನಿಂದ ಮಾತಾಡ್ಯಾನಂತ. ಯಾವಂವ ಅಂವ? ಒಮ್ಮೆ ತೋರಸ್ರಿ ಯಪ್ಪಾ. ಈ ಸತ್ತ ಫೋನಿನ್ಯಾಗ ಹೆಂಗ ಮಾತಾಡಿದಿ ಅಂತ ಕೇಳ್ತೀನಿ, ನಾನೂ ಕಲೀತೀನಿ.”

ಸಾಹೇಬರು ನನ್ನ ಕಡೆ ನೋಡಲಿಲ್ಲ. ಮೂವತ್ತು ಮಂದಿ ಇದ್ದ ಪಡಸಾಲೆಯಲ್ಲಿ ಒಮ್ಮೆ ನನ್ನ ಕಡೆ ಕಣ್ಣು ಹೊರಳಿಸಿದ್ದರೂ ಎಲ್ಲರಿಗೂ ತಿಳಿಯುತ್ತಿತ್ತು. ಅವರು ನೋಡಲಿಲ್ಲ. “ಗಾಡಿ ತೆಗಿ” ಎಂದಷ್ಟೇ ಚಾಲಕನಿಗೆ ಹೇಳಿದರು. ಆ ತಾಯಿಯನ್ನು ಮುಂದೆ ಕೂಡಿಸಿ, ಅವರೂ ನಾನೂ ಹಿಂದೆ ಕುಳಿತು ಹೊರಟೆವು.

ಊರು ಅಂದರೆ ನಲವತ್ತು ಮನೆ. ಫೋನಿನ ಪೆಟ್ಟಿಗೆ ಹಾಕಿದ್ದ ಅಂಗಡಿಯ ಮುಂದೆ ಗಾಡಿ ನಿಂತಿತು. ಸಾಹೇಬರು ಇಳಿದು, ಪೆಟ್ಟಿಗೆಗೆ ಬೆನ್ನು ಮಾಡಿ ನಿಂತು, ಎದುರಿಗೆ ನೋಡಿದರು. ಬಯಲು. ಕಲ್ಲು, ಒಂದಷ್ಟು ಜಾಲಿ ಮುಳ್ಳು, ದೂರದಲ್ಲಿ ಯಾರದೋ ತೊಗರಿ ಹೊಲ. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ನಮ್ಮ ಕಡೆ ಬೇವಿನ ಗಿಡ ಇಲ್ಲದ ಊರೊಂದು ಇದ್ದರೆ ಅದು ಅದೇ ಊರು.

“ತಮ್ಮಾ,” ಎಂದರು ಮೆಲ್ಲಗೆ, “ಬೇವಿನ ಗಿಡ ಎಲ್ಲೈತಿ?”

ಬೈದಿದ್ದರೆ ಬದುಕುತ್ತಿದ್ದೆ. ಕಪಾಳಕ್ಕೆ ಹೊಡೆದಿದ್ದರೆ ಇನ್ನೂ ಒಳ್ಳೆಯದಿತ್ತು. ನಾನು ಅಲ್ಲೇ ಎಲ್ಲ ಹೇಳಿದೆ. ನಿಶ್ಚಯ, ಹೋಳಿಗೆ, ಲೈನಿನವನು, ಅರಕೇರಿಯ ಫೋನು, ಎಲ್ಲ. ಅವರು ಕೇಳಿದರು, ಆಮೇಲೆ ಆ ತಾಯಿಯ ಮನೆಗೆ ಹೋದರು. ಬಾಣಂತಿ ಒಳಗೆ ಮಲಗಿದ್ದಳು, ಕೂಸಿಲ್ಲದ ಬಾಣಂತಿ. ಹೊರಗೆ ಬಂದಾಗ ಸಾಹೇಬರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ವಾಪಸು ಬರುವಾಗ ತಿಕೋಟಾದ ಒಂದು ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ ಚಹಾ ಹೇಳಿದರು. ನಾನು ರಾಜೀನಾಮೆಯ ಮಾತು ತೆಗೆದೆ.

“ಸೋಮವಾರ ಸದನದಾಗ ತಿದ್ದತೀನಿ” ಎಂದರು.

“ನನ್ನ ಹೆಸರು ಹೇಳ್ರಿ ಸಾಹೇಬ್ರ. ನಾ ಮೋಸ ಮಾಡೀನಿ ಅಂತ ಹೇಳ್ರಿ.”

“ನಿನ್ನ ಹೆಸರು ಅಲ್ಲಿ ಯಾಕ? ನೀ ಏನು ಆರಿಸಿ ಹೋದಾಂವೇನು? ಮಂದಿ ಆರಿಸಿದ್ದು ನನ್ನ. ನಂಬಿದ್ದೂ ನಾನು, ಹೇಳಿದ್ದೂ ನಾನು. ಚಹಾ ಕುಡಿ, ಆರತೈತಿ.”

ದಿಲ್ಲಿಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ಅಧಿಕಾರಿಗಳು ಒಂದು ಹೇಳಿಕೆ ತಯಾರು ಮಾಡಿ ಇಟ್ಟಿದ್ದರು. ಬಹಳ ಜಾಣ ಹೇಳಿಕೆ. ಉತ್ತರ ನೀಡಿದ ದಿನಾಂಕದಂದು ಸದರಿ ದೂರವಾಣಿಯು ಸುಸ್ಥಿತಿಯಲ್ಲಿದ್ದು, ತದನಂತರ ದೋಷ ಕಂಡುಬಂದಿರುತ್ತದೆ ಎಂಬ ಅರ್ಥದ್ದು. ಒಂದು ಸಾಲು. ಓದಿ ಕುಳಿತರೆ ಮುಗಿಯಿತು, ಮಂತ್ರಿಗಿರಿಯೂ ಉಳಿಯಿತು, ಮಾನವೂ ಉಳಿಯಿತು. ಪಕ್ಷದ ಹಿರಿಯರೊಬ್ಬರು ಮನೆಗೇ ಬಂದು ಒಂದು ತಾಸು ಬುದ್ಧಿ ಹೇಳಿದರು. ಫೋನು ರಿಪೇರಿ ಮಾಡಿಸಿಬಿಡಿ, ಆ ಹೆಣ್ಣುಮಗಳಿಗೆ ಏನಾದರೂ ಸಹಾಯ ಮಾಡಿ, ಸದನದಲ್ಲಿ ಹೋಗಿ ತಲೆ ಕೊಡುವುದು ಯಾಕೆ ಎಂದರು.

“ರಿಪೇರಿ ಆಗೈತ್ರಿ, ನಿನ್ನೆನಾ ಆಗೈತಿ” ಎಂದರು ಸಾಹೇಬರು. “ಅದು ಫೋನಿಂದು. ನಾ ಹೇಳಿದ ಮಾತಿನ ರಿಪೇರಿ ಯಾರು ಮಾಡಬೇಕು?” ಹಿರಿಯರು ಎದ್ದು ಹೋದ ಮೇಲೆ ಆ ಜಾಣ ಹೇಳಿಕೆಯನ್ನು ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಮೇಜಿನ ಕಾಲಿಗೆ ಕೊಟ್ಟರು.

ಸದನದಲ್ಲಿ ನಾನು ಮೇಲಿನ ಗ್ಯಾಲರಿಯಲ್ಲಿದ್ದೆ. ಅವರು ಎದ್ದು ನಿಂತು ತಮ್ಮ ಬಜಾರಿನ ಹಿಂದಿಯಲ್ಲೇ ಹೇಳಿದರು. ಆ ಮೂರನೆಯ ಊರಿನಿಂದ ನನಗೆ ಯಾರೂ ಫೋನು ಮಾಡಿರಲಿಲ್ಲ. ಆ ಫೋನು ಹಾಕಿದ ದಿನದಿಂದಲೂ ಸತ್ತಿತ್ತು. ನಾನು ಈ ಸದನದಲ್ಲಿ ಹೇಳಿದ್ದು ಸುಳ್ಳು. ಅದಕ್ಕೆ ಇಲಾಖೆಯಾಗಲಿ ಮತ್ಯಾರಾಗಲಿ ಹೊಣೆಯಲ್ಲ, ನಾನು ಹೊಣೆ. ಅಲ್ಲಿ ಒಂದು ಕೂಸು ಹೋಗಿದೆ. ಇಷ್ಟು ಹೇಳುವುದರೊಳಗೆ ಗದ್ದಲ ಶುರುವಾಯಿತು. ರಾಜೀನಾಮೆ, ರಾಜೀನಾಮೆ ಎಂದು ಕೂಗು. ತಮ್ಮ ಪಕ್ಷದವರೇ ಮುಖ ತಿರುಗಿಸಿಕೊಂಡು ಕುಳಿತರು. ನಾನು ಗ್ಯಾಲರಿಯಲ್ಲಿ ಎದ್ದು ನಿಂತು, ಆ ಸುಳ್ಳು ನಂದು ಅಂತ ಕೂಗಬಹುದಿತ್ತು. ಹಿಡಿದು ಹೊರಗೆ ಹಾಕುತ್ತಿದ್ದರು, ಅಷ್ಟೇ. ನಾನು ಕೂಗಲಿಲ್ಲ. ನನ್ನ ಮಕ್ಕಳು ಸಣ್ಣವು, ನಾಳೆ ಊರಲ್ಲಿ ಹೇಗೆ ತಿರುಗಾಡಲಿ ಎಂದು ಯೋಚಿಸುತ್ತ ಕುಳಿತಿದ್ದೆ. ಥೂ ನನ್ನ ಜಲ್ಮಕ್ಕೆ.

ಮಂತ್ರಿಗಿರಿ ಹೋಯಿತು. ಮುಂದಿನ ಚುನಾವಣೆಗೆ ಪಕ್ಷದವರು ಒಂದು ಷರತ್ತು ಹಾಕಿದರು. ಅಧಿಕಾರಿಗಳು ನನ್ನನ್ನು ದಾರಿ ತಪ್ಪಿಸಿದರು ಎಂದು ಒಂದು ಹೇಳಿಕೆ ಕೊಟ್ಟರೆ ಟಿಕೆಟ್ಟು. “ಯಾರೂ ತಪ್ಪಿಸಿಲ್ಲ. ನನ್ನ ದಾರಿ ನನಗ ಗೊತ್ತಿತ್ತು” ಎಂದು ಹೇಳಿ, ಯಾರ ಬೆಂಬಲವೂ ಇಲ್ಲದೆ ತಾವೇ ನಿಂತರು. ಅಂಥ ಪ್ರಚಾರ ನಾನು ಕಂಡಿಲ್ಲ. ಹೋದಲ್ಲೆಲ್ಲ ಹುಡುಗರು, “ಸಾಹೇಬ್ರ, ಫೋನ್ ಬಂತೇನ್ರೀ?” ಎಂದು ಕಿವಿಗೆ ಕೈ ಹಚ್ಚಿ ಅಣಕಿಸುತ್ತಿದ್ದರು. ಅವರು ಗಾಡಿ ನಿಲ್ಲಿಸಿ, “ಹಿಂಗಾ ಕೇಳ್ರಿ. ನನಗಷ್ಟಾ ಅಲ್ಲ, ನಾಳೆ ಆರಿಸಿ ಬರಾಂವಗೂ ಹಿಂಗಾ ಕೇಳ್ರಿ, ಬಿಡಬ್ಯಾಡ್ರಿ” ಎನ್ನುತ್ತಿದ್ದರು. ಆ ಊರಿಗೂ ಹೋದರು. ಆ ತಾಯಿ ಬಾಗಿಲಿಗೆ ಬಂದಳು. “ಓಟು ನಿಮಗಾ ಹಾಕತೀನಿ” ಎಂದಳು. “ಆದ್ರ ಮಾಫಿ ಮಾಡೂದಿಲ್ಲ.” ಸಾಹೇಬರು, “ಮಾಡಬ್ಯಾಡವ್ವಾ” ಎಂದು ಕೈ ಮುಗಿದರು. ಸೋತರು, ಚೆನ್ನಾಗಿಯೇ ಸೋತರು. ಮತ್ತೆ ದಿಲ್ಲಿ ಕಾಣಲಿಲ್ಲ.

ನನ್ನನ್ನು ಅವರು ಬಿಡಿಸಲಿಲ್ಲ. ಸೋತ ಮೇಲೂ ಬಾಕಿನ ಮೇಲೆ ಕೂಡುವುದು, ಅರ್ಜಿ ಕೇಳುವುದು, ನನ್ನನ್ನು ಊರೂರಿಗೆ ಅಟ್ಟುವುದು ಬಿಡಲಿಲ್ಲ. ಮೊದಲಿನ ಹಾಗೆಯೇ ಕೇಳುತ್ತಿದ್ದರು, ಎದುರಿಗೆ ಏನು ಕಾಣತೈತಿ ಎಂದು. ದನಿಯಲ್ಲಿ ಕೊಂಕಿಲ್ಲ, ಅನುಮಾನವಿಲ್ಲ. ಅಷ್ಟು ವರ್ಷದಲ್ಲಿ ಒಂದು ಸಲವೂ ಆ ಮಾತು ಎತ್ತಲಿಲ್ಲ. ಮಂದಿ ನನ್ನನ್ನು ಪ್ರಾಮಾಣಿಕ ಎಂದರು, ಸಹಕಾರಿ ಸಂಘದಲ್ಲಿ ಕರೆದು ಕೂಡಿಸಿದರು, ಶಾಲು ಹೊದಿಸಿದರು. ಹೊದ್ದುಕೊಂಡೆ.

ಕೆಂಪು ಗೆರೆಯ ಪುಟಗಳನ್ನು ಹಿಡಿದು ಹೋದ ವಾರ ಅವ್ವಾರ ಹತ್ತಿರ ಹೋದೆ. ಸಮಿತಿಯವರು ತೆಗೆದರೇನಂತೆ, ಮನೆಯವರು ಒಪ್ಪಿದರೆ ಬೇರೆ ಕಡೆ ಅಚ್ಚು ಹಾಕಿಸುತ್ತೇನೆ ಎಂಬ ಹುರುಪು. ಅವ್ವಾರಿಗೆ ಈಗ ಕಣ್ಣು ಮಂಜು. “ಓದ್ರಿ, ಕೇಳ್ತೀನಿ” ಎಂದರು. ಓದಿದೆ. ಬೇವಿನ ಗಿಡದ ಹತ್ತಿರ ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು.

“ಆ ಮನುಷ್ಯ ನೀವೇನು?”

“ಹೌದ್ರಿ ಅವ್ವಾರ.”

ಅವರಿಗೂ ಗೊತ್ತಿರಲಿಲ್ಲ! ಗಂಡ ಹೆಂಡತಿ, ಮನೆಯಲ್ಲಿ ಹೇಳಿಯೇ ಇರುತ್ತಾರೆ ಎಂದು ಇಷ್ಟು ವರ್ಷ ತಿಳಿದಿದ್ದೆ. ಅವ್ವಾರ ಬಾಯಿಂದ ಒಂದೊಂದೇ ಮಾತು ಹೊರಬಂತು.

“ನಾ ಕೇಳಿದ್ದೆ ಅವರನ್ನ. ಮನುಷ್ಯ ಮಾತಾಡ್ಯಾನ ಅಂದಿದ್ರಲ್ಲಾ, ಯಾರಂವ ಅಂತ ಕೇಳಿದ್ದೆ. ‘ಯಾರೂ ಇಲ್ಲ, ಬಿಡು’ ಅಂದ್ರು. ಹಂಗಾದ್ರ ಇವರಾ ಹುಟ್ಟಿಸ್ಕೊಂಡು ಹೇಳ್ಯಾರ ಅಂತ ತಿಳಕೊಂಡೆ. ನಮ್ಮ ತವರಮನಿ ಮಂದಿ ನಕ್ರು, ತಲಿ ತಗ್ಗಿಸಿದೆ. ಸಿಟ್ಟು ಬಂದಾಗೊಮ್ಮೆ ಅಂದೀನಿ, ಸಂಸತ್ತಿನ್ಯಾಗ ಸುಳ್ಳು ಹೇಳಿದವರು ನೀವು, ನನ್ನ ಮುಂದ ಖರೆ ಹೇಳ್ತೀರೇನು ಅಂತ. ಎಷ್ಟು ಸಲ ಅಂದೀನಿ! ಕೇಳಿ ಸುಮ್ಮನ ಕುಂದರ್ತಿದ್ರು. ಆಸ್ಪತ್ರಿಯೊಳಗ, ಕಡೀ ದಿನಾ, ಗುಳಿಗಿ ತಗೊಂಡೀನಿ ಅಂದ್ರು. ಆಗೂ ಅಂದೆ.”

ನಾನು ಪುಟಗಳನ್ನು ಮಡಿಚಿ ಕೆಳಗಿಟ್ಟೆ.

“ನೀವು ದಿನಾ ಮುಂಜಾನೆ ಈ ಮನಿಗೆ ಬಂದೀರಿ. ನಾನಾ ಚಹಾ ಮಾಡಿ ಕೊಟ್ಟೀನಿ. ಇಪ್ಪತ್ತು ವರ್ಷ. ಒಂದಿನಾ ಹೇಳಬಾರದಾಗಿತ್ತೇನ್ರೀ? ಅವರಿದ್ದಾಗ?”

ತಪ್ಪಾಯಿತು ಅಂದೆ. ಆ ಮಾತು ಎಷ್ಟು ಹಗುರ ಎಂದು ಅವತ್ತು ತಿಳಿಯಿತು. ಕಾಲು ಮುಟ್ಟಲು ಬಗ್ಗಿದರೆ ಕಾಲು ಹಿಂದೆ ತೆಗೆದುಕೊಂಡರು.

“ನನ್ನ ಮುಂದ ಓದಿದ್ದಾತು. ರವಿವಾರ ನುಡಿನಮನ ಐತಿ, ಅಲ್ಲಿ ಮಂದಿ ಮುಂದ ಓದ್ರಿ. ನಿಂತು ಓದ್ರಿ.”

“ಮಾತಾಡವರ ಪಟ್ಟಿಯೊಳಗಿಂದ ಸಮಿತಿಯವರು ನನ್ನ ಹೆಸರು ತಗದಾರ್ರಿ.”

“ನನ್ನ ಹೆಸರು ತಗದಿಲ್ಲಲ್ಲಾ. ನನಗ ಹತ್ತು ನಿಮಿಷ ಕೊಟ್ಟಾರ. ಆ ಹತ್ತು ನಿಮಿಷ ನಿಮಗ. ಯಾವಂವ ಬಂದು ಮೈಕ್ ಕಸೀತಾನ ನೋಡ್ತೀನಿ, ನಾ ಬಾಜೂಕ ನಿಂದರ್ತೀನಿ.” ಪುಟಗಳ ಮೇಲೆ ಕೈಯಿಟ್ಟು, “ಅವರ ಹೆಸರು ಹೇಳಬ್ಯಾಡ್ರಿ” ಎಂದರು. “ಅವರ ಹೆಸರು ಊರಿಗೆಲ್ಲಾ ಗೊತ್ತೈತಿ. ಗೊತ್ತಿಲ್ಲದ್ದು ನಿಮ್ಮದು. ಅದನ್ನ ಹೇಳ್ರಿ.”

ಮನೆಗೆ ಬಂದು ಮತ್ತೆ ಮೊದಲಿನಿಂದ ಬರೆದೆ. ಅವರ ಹೆಸರು ಎಲ್ಲೆಲ್ಲಿ ಬಂದಿತ್ತೋ ಅಲ್ಲೆಲ್ಲ ಹೊಡೆದು ಹಾಕಿದೆ. ರವಿವಾರ ಸಂಪಾದಕರು ಗಂಟೆ ಬಾರಿಸಲಿ, ಮುಂದಿನ ಸಾಲಿನವರು ಎದ್ದು ಹೋಗಲಿ, ನನ್ನ ಮಕ್ಕಳು ತಲೆ ತಗ್ಗಿಸಲಿ. ಓದುವುದನ್ನು ಓದುತ್ತೇನೆ.

ನನ್ನ ಹೆಸರು ಗುರಪ್ಪ, ಊರು ಅರಕೇರಿ. ಆ ದಿನ ಆ ಊರಿಗೆ ಹೋಗದವನು ನಾನು.